ಮೇಜಿನ ಮೇಲಿನ ದಾದಾಸಾಹೇಬ

ನನ್ನ ಸೊಸೆ ಪ್ರಾಜಕ್ತಾಳ ಬಾಯಲ್ಲಿ ದಿನಕ್ಕೆ ಒಬ್ಬನಾದರೂ ಸಾಯುತ್ತಾನೆ. "ಅತ್ಯಾರ, ಮುರಗೆಪ್ಪ ಸತ್ತಾನ ನೋಡ್ರಿ" ಎಂದು ಬೆಳಿಗ್ಗೆ ಚಹಾ ಕುಡಿಯುತ್ತಲೇ ಹೇಳಿಬಿಡುತ್ತಾಳೆ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತ್ತು. ಆ ಮುರಗೆಪ್ಪ ಹಿಂದಿನ ಸಂಜೆಯಷ್ಟೇ ನಮ್ಮ ಕಟ್ಟೆಯ ಮೇಲೆ ಕೂತು ಕಬ್ಬಿನ ಸುದ್ದಿ ಹೊಡೆದು ಹೋಗಿದ್ದ. "ಅಯ್ಯ ಯವ್ವಾ, ಯಾವಾಗ?" ಎಂದು ಸೆರಗು ಬಾಯಿಗೆ ಹಿಡಿದೆ. ಅವಳು ತಲೆ ಎತ್ತದೆ, "ಸಿಡ್ಲಿಗಿ ರೀ. ಹೊಟ್ಟಿ ಪೂರಾ ಕರ್ರಗಾಗೈತಿ" ಎಂದಳು. ಅವಳು ಹೇಳಿದ್ದು ಮುರಗೆಪ್ಪನ ಬಾವಿಯ ಪೆಟ್ಟಿಗೆಯ ಸುದ್ದಿ.

ನಮ್ಮ ಐನಾಪುರದ ಸುತ್ತ ಕಬ್ಬು ಇದ್ದವರ ಬಾವಿ ಬಾವಿಗೂ ಈಗ ಮೊಬೈಲ್ ಸ್ಟಾರ್ಟರ್ ಎಂಬ ಪೆಟ್ಟಿಗೆ ಇದೆ. ಮನೆಯಲ್ಲಿ ಕೂತು ಫೋನು ಹಚ್ಚಿದರೆ ಹೊಲದಲ್ಲಿ ಮೋಟರು ಚಾಲೂ ಆಗುತ್ತದೆ. ಆ ಪೆಟ್ಟಿಗೆಯೊಳಗೆ ಒಂದು ಹಸಿರು ಬೋರ್ಡು, ಬೋರ್ಡಿನ ನಡುವೆ ಬೆರಳ ಉಗುರಿನಷ್ಟು ಒಂದು ಕರಿಯ ಐಸಿ, ಅವಳ ಬಾಯಲ್ಲಿ ಅದು ಪೆಟ್ಟಿಗೆಯ ತಲೆ. ಆ ಐಸಿಗೆ ನಾಲ್ಕೂ ಕಡೆ ಕಾಲುಗಳು. ಕಾಲು ಎಂದರೆ ಎಂಥ ಕಾಲು, ಸೂಜಿಯ ಮೊನೆ ಅದಕ್ಕಿಂತ ದಪ್ಪ. ಎರಡು ಕಾಲಿನ ನಡುವೆ ಸಂದು ಇದೆಯೆಂದು ಅವಳು ಹೇಳಿದರೆ ನಾನು ನಂಬಬೇಕು, ಅಷ್ಟೇ. ಅಂಥದನ್ನು ಕಿತ್ತು, ಇನ್ನೊಂದನ್ನು ಕೂರಿಸಿ, ಒಂದೊಂದು ಕಾಲಿಗೂ ಕೈಯಿಂದ ಬೆಸುಗೆ ಹಚ್ಚುವವಳು ಅಥಣಿಯಿಂದ ಕಾಗವಾಡದವರೆಗೆ ನನ್ನ ಸೊಸೆ ಒಬ್ಬಳೇ. ಹೌದು, ಜಂಬದಿಂದಲೇ ಹೇಳುತ್ತೇನೆ.

ಪೆಟ್ಟಿಗೆಗೆ ಅದರ ಧಣಿಯ ಹೆಸರನ್ನೇ ಇಟ್ಟು ಕರೆಯುವುದು ಅವಳ ರೂಢಿ. ಮುಚ್ಚಳದ ಮೇಲೆ ರೈತರು ಹೇಗೂ ಬಣ್ಣದಲ್ಲಿ ಹೆಸರು ಬರೆಸಿರುತ್ತಾರೆ. ನನಗೆ ಸಿಟ್ಟು ಬಂದದ್ದು ಸಾವಿನ ಮಾತಿಗಲ್ಲ, ಈ ಹೆಸರಿಗೆ. ನಮ್ಮ ಸೀಮೆಯಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹಿಡಿದು ಮಾತಾಡುವುದಿಲ್ಲ. ಕಾಕಾ ಅನ್ನಬೇಕು, ಮಾಮಾ ಅನ್ನಬೇಕು, ಮೈದುನನಿಗಾದರೂ ಭಾವುಜಿ ಅನ್ನಬೇಕು. "ನಾಲಿಗಿ ಬಿಗಿ ಹಿಡಿ, ಹಿರ್ಯಾರ ಹೆಸರ ತಗೀತಿಯಲ್ಲ" ಎಂದು ಗದರಿದೆ.

"ಮನಷ್ಯಾಗ ಕಾಕಾ ಅಂತೇನಿ ರೀ ಅತ್ಯಾರ," ಎಂದಳು. "ಪೆಟಿಗಿಗಿ ಎಂಥಾ ಕಾಕಾ?"

ನನಗೆ ನಗು ಬಂತು, ಸುಮ್ಮನಾದೆ. ಅದರಂತೆ ನಡೆದಳು ಕೂಡ. ಮನುಷ್ಯ ಎದುರಿಗಿದ್ದರೂ ಹಿಂದಿದ್ದರೂ ಅವಳ ಬಾಯಲ್ಲಿ ಕಾಕಾ, ಮಾಮಾ, ಭಾವುಜಿ. ಹೆಸರು ಬಂತೆಂದರೆ ಅದು ಪೆಟ್ಟಿಗೆ.

ಅವಳ ತವರು ನಿಪ್ಪಾಣಿಯಾಚೆ ಕೊಗನೊಳ್ಳಿ. ಮನೆಮಾತು ಮರಾಠಿ. ತಂದೆ ತಂಬಾಕಿನ ಗೋದಾಮಿನಲ್ಲಿ ದುಡಿದು ಎದೆ ಕೆಡಿಸಿಕೊಂಡವನು. ಇವಳು ಐಟಿಐ ಕಲಿತು ಗಡಿಯಾಚೆ ಒಂದು ಕಂಪನಿಯಲ್ಲಿ ಬೋರ್ಡಿಗೆ ಬೆಸುಗೆ ಹಾಕುವ ಕೆಲಸ ಮಾಡುತ್ತಿದ್ದಳಂತೆ. ಅಲ್ಲಿ ಒಬ್ಬ ಮೇಲಿನವನು ಭಿಂಗದಲ್ಲಿ, ಅಂದರೆ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಗಾಜಿನಲ್ಲಿ, ಕೆಲಸ ನೋಡುವ ನೆವ ಮಾಡಿ ದಿನವೂ ಬೆನ್ನಿಗೆ ಆತು ನಿಲ್ಲುತ್ತಿದ್ದ. ಒಂದು ದಿನ ಇವಳು ಕಣ್ಣನ್ನು ಭಿಂಗದಿಂದ ತೆಗೆಯದೆಯೇ ಬೆಸುಗೆಯ ಕಾಯ್ದ ಕಡ್ಡಿಯನ್ನು ಅವನ ಮಣಿಕಟ್ಟಿಗೆ ಒತ್ತಿದಳು. ಅವನು ಕುಣಿಯುತ್ತಿದ್ದರೆ ಇವಳು ಉಳಿದ ಕಾಲುಗಳಿಗೆ ಬೆಸುಗೆ ಹಾಕಿ ಮುಗಿಸಿ, ಬೋರ್ಡು ಒರೆಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು. ನೋಡಲು ಹೋದಾಗ ಅವಳ ತಾಯಿ ಇದನ್ನು ಮುಚ್ಚಿಟ್ಟಿದ್ದಳು. ಮದುವೆಯಾದ ಮೇಲೆ ಇವಳೇ ನಗುನಗುತ್ತ ಹೇಳಿದಳು. ಕೇಳಿದ ದಿನ ನನಗೆ ಹೆದರಿಕೆಯಾಯಿತು, ಮರುದಿನದಿಂದ ಪ್ರೀತಿ ಹುಟ್ಟಿತು.

ಹೊರಗಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡಳು. ನನ್ನದು ಒಂದೇ ಶರತ್ತು. ಹೊಲದಿಂದ ಬಂದ ಪೆಟ್ಟಿಗೆಯಲ್ಲಿ ಇರುವೆಗಳು ಗೂಡು ಕಟ್ಟಿರುತ್ತವೆ; ಕಾಯ್ದ ಕಡ್ಡಿ ಮುಟ್ಟಿಸುವ ಮೊದಲು ಅವನ್ನು ಅಂಗಳಕ್ಕೆ ಒಯ್ದು, ಕುಂಚದಿಂದ ಒಂದೊಂದನ್ನೂ ಮಣ್ಣಿಗೆ ಬಿಡಬೇಕು. ನಾವು ಜೈನರು; ನಾನು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವಳಲ್ಲ, ನೀರು ಸೋಸದೆ ಕುಡಿಯುವವಳಲ್ಲ. ನನ್ನ ಮನೆಯಲ್ಲಿ ಜೀವ ಸುಡಬಾರದು. ಅವಳು ಗೊಣಗದೆ ಒಪ್ಪಿದಳು. ಇರುವೆ ಬಿಡುವುದು ನನ್ನ ಪಾಲಿನ ಕೆಲಸವಾಯಿತು.

ಆಮೇಲಿನದು ಅವಳದು. ಐಸಿಯ ಸುತ್ತ ಪೇಸ್ಟು ಹಚ್ಚಿ, ಬ್ಲೋವರಿನ ಬಿಸಿಗಾಳಿಯನ್ನು ಸುತ್ತಲೂ ತಿರುಗಿಸುತ್ತಾಳೆ. ಬೆಸುಗೆ ನೀರಾದ ಗಳಿಗೆಯಲ್ಲೇ ಚಿಮಟದಿಂದ ಎತ್ತಬೇಕು. ಅವಸರ ಮಾಡಿದರೆ ಕೆಳಗಿನ ತಾಮ್ರವೇ ಹರಿದು ಬರುತ್ತದೆ. ಇನ್ನೊಂದು ಐಸಿಯನ್ನು ಕೂರಿಸುವಾಗ ಉಸಿರು ಹಿಡಿಯುತ್ತಾಳೆ. ಮೊದಲು ಒಂದು ಮೂಲೆಯ ಕಾಲು, ಭಿಂಗದಲ್ಲಿ ನೋಡಿ ಎದುರಿನ ಮೂಲೆಯ ಕಾಲು, ನಂತರ ಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಬೆಸುಗೆ ಹಿಡಿದು ಸಾಲಿನುದ್ದಕ್ಕೂ ಎಳೆಯುತ್ತಾಳೆ. ಎರಡು ಕಾಲು ಅಂಟಿಕೊಂಡರೆ ತಾಮ್ರದ ಹೆಣೆದ ಪಟ್ಟಿ ಇಟ್ಟು ಹೆಚ್ಚಿನದನ್ನು ಹೀರಿಸುತ್ತಾಳೆ. ಇದೆಲ್ಲ ಬಲಗೈಯ ಮೂರು ಬೆರಳಿನ ಕೆಲಸ. ಆ ಬೆರಳು ನಡುಗಿದರೆ ಎಲ್ಲ ಮುಗಿಯಿತು. ಆ ಕೈಗೆ ನಾನು ರೊಟ್ಟಿ ಬಡಿಯಲೂ ಕೊಡುತ್ತಿರಲಿಲ್ಲ. "ಬೆರಳ ಜಡ್ಡ ಕಟ್ಟೀತ, ಬಿಡು" ಎಂದು ಹಿಟ್ಟು ಕಸಿದುಕೊಳ್ಳುತ್ತಿದ್ದೆ.

ಪೆಟ್ಟಿಗೆಯವರ ಒಂದು ವಾಟ್ಸಾಪ್ ಗುಂಪಿದೆ. ದಿನವೂ ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಧ್ವನಿ ಕಳಿಸುತ್ತಾಳೆ. "ಮುರಗೆಪ್ಪ ಬದುಕ್ಯಾನ, ಬಂದ ಒಯ್ರಿ." "ಬೀರದೇವ ಪೂರಾ ಸತ್ತಾನ, ಆಸೆ ಬಿಡ್ರಿ." ರೈತರು ಅದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಬೀರದೇವನೇ ಒಮ್ಮೆ ಬಂದು, "ನನ್ನ ಮಣ್ಣ ಎಂದ ಮಾಡ್ತೀರಿ ತಂಗಿ?" ಎಂದು ಕೇಳಿದ.

ಇನ್ನು ದಾದಾಸಾಹೇಬ. ಅವನು ನನ್ನ ಗಂಡನ ಕಾಕಾನ ಮಗ, ನನಗೆ ಮೈದುನನಾಗಬೇಕು. ನಮ್ಮ ಹೊಲಕ್ಕೂ ಅವನ ಹೊಲಕ್ಕೂ ನಡುವೆ ಒಂದು ಬದು. ವರ್ಷವರ್ಷವೂ ಆ ಬದುವನ್ನು ನಮ್ಮ ಕಡೆಗೆ ಒತ್ತುತ್ತ ಬಂದವನು. ನನ್ನ ಗಂಡ ಸತ್ತ ಮೇಲಂತೂ ಮೂಗುದಾರವಿಲ್ಲದ ಎತ್ತಾಗಿದ್ದ. ಅವನ ಕಾಟ ನಮ್ಮ ಹೊಲಕ್ಕಷ್ಟೇ ಅಲ್ಲ. ಕೆಳಗಿನ ಹೊಲದ ಭೀಮಸಿಯ ನೀರಿನ ಪೈಪು ತನ್ನ ಹೊಲದಲ್ಲಿ ಹಾದುಹೋಗಿದೆಯೆಂದು ಕೊಡಲಿಯಿಂದ ಕಡಿದು ಹಾಕಿದ್ದ. ಭೀಮಸಿಯ ಕಬ್ಬು ನಿಂತಲ್ಲೇ ಒಣಗಿತು. ಅದೇ ವಾರ ನನ್ನ ಮಗ ಅಭಿನಂದನನೂ ಅವನೂ ಬದುವಿನ ಮೇಲೆ ಕೊರಳಪಟ್ಟಿ ಹಿಡಿದಾಡಿದರು. "ಕಾಕಾ ಅಂತ ನೋಡಾಂಗಿಲ್ಲ, ಕಾಲ ಮುರದ ಕೈಯಾಗ ಕೊಡ್ತೇನಿ" ಎಂದು ಅಭಿನಂದನ ಊರಿಗೆಲ್ಲ ಕೇಳುವಂತೆ ಕೂಗಿದ. ಸಿಟ್ಟಿನಲ್ಲಿ ಎಲ್ಲರೂ ಅನ್ನುವ ಮಾತದು, ಯಾರೂ ಯಾರ ಕಾಲನ್ನೂ ಮುರಿಯುವುದಿಲ್ಲ.

ಇಷ್ಟಾದ ಮೇಲೂ ದಾದಾಸಾಹೇಬನ ಪೆಟ್ಟಿಗೆ ಕೆಟ್ಟಾಗ ಅವನ ಆಳು ತಂದು ನಮ್ಮ ಕಟ್ಟೆಯ ಮೇಲೆಯೇ ಇಟ್ಟ. ಬೇರೆ ಎಲ್ಲಿಗೆ ಒಯ್ಯುತ್ತಾರೆ? ನನ್ನ ಮೈಯೆಲ್ಲ ಉರಿಯಿತು.

"ಅದನ್ನ ತಿಪ್ಪಿಗಿ ಒಗಿ," ಎಂದೆ. "ಇಲ್ಲಾಂದ್ರ ಇನ್ನಷ್ಟ ಕೆಡಸಿ ಕೊಡು. ಒಣಗಲಿ ಅವನ ಕಬ್ಬೂ."

"ಬೋರ್ಡಿಗಿ ಬದುವಿನ ಜಗಳಾ ಗೊತ್ತಿಲ್ರಿ ಅತ್ಯಾರ," ಎಂದು ಮುಚ್ಚಳ ಬಿಚ್ಚಿದಳು. "ಇರವಿ ಭಾಳ ಅದಾವ. ಬಿಡ ಬರ್ರಿ."

ಹಲ್ಲು ಕಚ್ಚಿಕೊಂಡು ದಾದಾಸಾಹೇಬನ ಇರುವೆಗಳನ್ನೂ ಬಿಟ್ಟೆ. ಇರುವೆಗಳದೇನು ತಪ್ಪು?

ಇರುವೆಯ ಗೂಡಿನ ಹಸಿಗೆ ಐಸಿಯ ಒಂದು ಕಡೆಯ ಕಾಲುಗಳು ಕಿಲುಬು ಹತ್ತಿ ಮುರಿದಿದ್ದವು. ಬೀರದೇವನ ಬೋರ್ಡು ಸತ್ತಿದ್ದರೂ ಅದರ ಐಸಿ ಗಟ್ಟಿಯಿತ್ತು. ಅದನ್ನು ಇದಕ್ಕೆ ಕೂರಿಸುವುದೆಂದು ಲೆಕ್ಕ ಹಾಕಿದಳು. ಬೆಳಿಗ್ಗೆಯೇ ಗುಂಪಿಗೆ ಧ್ವನಿ ಹಾಕಿದಳು: "ದಾದಾಸಾಹೇಬನ ಕಾಲ ಮುರದಾವ ರೀ. ಒಂದ ಕಡೆದ್ದ ಪೂರಾ ಹೋಗ್ಯಾವ. ಇವತ್ತ ಅವನ ತಲಿ ತಗದ ಒಗಿತೇನಿ."

ನಮಗೆ ಗೊತ್ತಿರಲಿಲ್ಲ. ಅದೇ ಬೆಳಿಗ್ಗೆ, ಹೊಳೆಯ ಕಡೆಯ ಹಾದಿಯಲ್ಲಿ, ಕಬ್ಬಿನೊಳಗಿಂದ ಭೀಮಸಿ ಹಾರಿಬಂದು ಕಬ್ಬಿಣದ ಹಾರೆಯಿಂದ ದಾದಾಸಾಹೇಬನ ಎರಡೂ ಮೊಣಕಾಲ ಕೆಳಗೆ ಬಡಿದಿದ್ದ. ಒಮ್ಮೆ ಬಡಿದು ಓಡಲಿಲ್ಲ. ಎಲುಬು ಚರ್ಮ ಸೀಳಿ ಹೊರಬರುವವರೆಗೆ ಬಡಿದನಂತೆ. ದಾದಾಸಾಹೇಬ ಕೆಸರಲ್ಲಿ ತೆವಳುತ್ತ ಹಾದಿಗೆ ಬಂದು ಬಿದ್ದ. ಕಂಡವರು ಎತ್ತಿ ಮಿರಜಿನ ದವಾಖಾನೆಗೆ ಒಯ್ದರು. ಅವನಿಗೆ ಪ್ರಜ್ಞೆ ಇರಲಿಲ್ಲ, ಬಡಿದವನು ಯಾರೆಂದು ಹೇಳಲು ಬಾಯಿ ಇರಲಿಲ್ಲ.

ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಹಿಂದಿನ ಓಣಿಯ ಶೇವಂತಾ ಏದುಸಿರು ಬಿಡುತ್ತ ಓಡಿಬಂದಳು. "ತಾರವ್ವಾ, ಕೇಳಿದಿಯೇನ? ದಾದಾಸಾಹೇಬನ ಕಾಲ ಮುರದಾವಂತ!"

ಆ ಗುಂಪಿನ ಸುದ್ದಿ ಇವಳವರೆಗೂ ಹೋಯಿತಲ್ಲ ಎಂದು ನನಗೆ ಬೇಸರವಾಯಿತು. "ಗೊತ್ತೈತೇಳ," ಎಂದೆ. "ನಮ್ಮ ಮನ್ಯಾಗ ಮೇಜಿನ ಮ್ಯಾಲ ಬಿದ್ದಾನಲ್ಲ. ಮಧ್ಯಾಹ್ನಕ ತಲೀನೂ ತಗೀತಾಳಂತ."

ಶೇವಂತಾಳ ಮುಖದ ರಕ್ತವೇ ಇಂಗಿತು. ಬಂದ ಕಾಲಲ್ಲೇ ತಿರುಗಿ ಓಡಿದಳು. ಇವಳಿಗೇನು ಹುಚ್ಚು ಹಿಡಿಯಿತೇ ಎಂದು ನಾನು ಮತ್ತೆ ಬೋಗುಣಿ ತಿಕ್ಕಿದೆ. ಆಕೆಗೆ ಪೆಟ್ಟಿಗೆಯೂ ಇಲ್ಲ, ಹೊಲವೂ ಇಲ್ಲ, ನಮ್ಮ ಮನೆಯ ಮಾತು ಅವಳಿಗೆಲ್ಲಿಂದ ತಿಳಿಯಬೇಕು ಎಂದು ನನಗೆ ಹೊಳೆದದ್ದು ಆಮೇಲೆ.

ಊಟವಾದ ಮೇಲೆ ಪ್ರಾಜಕ್ತಾ ಬ್ಲೋವರ್ ಹಚ್ಚಿ ಕೂತಳು. ಅಭಿನಂದನ ಕಬ್ಬಿನ ಟ್ರೇಲರು ತೆಗೆದುಕೊಂಡು ಕಾರ್ಖಾನೆಗೆ ಹೋಗಿದ್ದ. ನಾನು ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಜೋಳ ಹಸನು ಮಾಡುತ್ತಿದ್ದೆ. ಆಗ ದಾದಾಸಾಹೇಬನ ಮಗ ಕುಣಾಲ ಬಂದ. ಕಾಗವಾಡದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಅವನದು, ಹೊಲದ ಉಸಾಬರಿ ತಂದೆಗೇ ಬಿಟ್ಟವನು, ಪೆಟ್ಟಿಗೆಯ ಗುಂಪಿನಲ್ಲಿ ಇಲ್ಲದವನು. ಹಿಂದೆ ಇಬ್ಬರು ಗಂಡಸರು. ಮೂವರೂ ಚಪ್ಪಲಿ ಬಿಡದೆ ಒಳಗೆ ಬಂದರು. ಕುಣಾಲನ ಅಂಗಿಯ ಮೇಲೆ ರಕ್ತ ಇತ್ತು, ಅದು ಅವನ ತಂದೆಯದೆಂದು ಆಮೇಲೆ ತಿಳಿಯಿತು.

ಫೋನನ್ನು ಅವಳ ಕಿವಿಗೆ ಹಿಡಿದ. ಯಾವನೋ ಪುಣ್ಯಾತ್ಮ ಗುಂಪಿನಿಂದ ಆ ಒಂದೇ ಧ್ವನಿಯನ್ನು ಎತ್ತಿ ಅವನಿಗೆ ಕಳಿಸಿದ್ದ. ದಾದಾಸಾಹೇಬನ ಕಾಲ ಮುರದಾವ ರೀ, ಇವತ್ತ ಅವನ ತಲಿ ತಗದ ಒಗಿತೇನಿ.

"ಇದು ನಿನ್ನ ಧ್ವನಿ ಹೌದಿಲ್ಲೋ?"

ಅತ್ತಿಗೆಯಾದ ಅವಳನ್ನು ಎಂದೂ "ವೈನಿ" ಎಂದು, "ರಿ" ಹಚ್ಚಿ ಮಾತಾಡಿಸುತ್ತಿದ್ದ ಹುಡುಗ. ಪ್ರಾಜಕ್ತಾಳಿಗೆ ಹೊಳೆಯಲೇ ಇಲ್ಲ. ಪೆಟ್ಟಿಗೆಗೆ ಅವಸರ ಮಾಡಲು ಬಂದಿದ್ದಾನೆಂದು ತಿಳಿದು, "ಹೌದ್ರಿ ಭಾವುಜಿ. ಇನ್ನೂ ತಗದಿಲ್ಲ, ಈಗ ತಗ್ಯಾಕತ್ತೇನಿ" ಎಂದು ನಕ್ಕಳು.

ಆ ನಗುವಿನ ಮೇಲೆಯೇ ಹೊಡೆದ. ಸ್ಟೂಲಿನಿಂದ ಅವಳು ಗೋಡೆಗೆ ಹೋಗಿ ಬಿದ್ದಳು. ಹೆರಳು ಹಿಡಿದು ಎತ್ತಿದ. "ಗಂಡ ಹೊಲದಾಗ ಹೇಳಿದ, ಹೆಂಡ್ತಿ ಮೊಬೈಲನ್ಯಾಗ ಡಂಗುರಾ ಸಾರಿದಿ, ಅತ್ತಿ ಓಣ್ಯಾಗ ಹೇಳಿ ಕಳಸಿದ್ಳು. ನಮ್ಮಪ್ಪ ಇನ್ನ ಜೀವಮಾನದಾಗ ನಡ್ಯಾಂಗಿಲ್ಲ ಅಂದಾರ ಡಾಕ್ಟರು. ಅವನ ಕಾಲಿಗಿ ನಿನ್ನ ಕೈ!"

ಅವಳಿಗೆ ಕನ್ನಡ ತಪ್ಪಿಹೋಯಿತು. "ಭಾವುಜೀ, ಥಾಂಬಾ! ತೋ ಬೋರ್ಡ ಆಹೇ! ಬೋರ್ಡ!" ಎಂದು ಚೀರಿದಳು. ನಿಲ್ಲಿರಿ, ಅದು ಬೋರ್ಡು. ಅವನಿಗೆ ಮರಾಠಿ ಬರುವುದಿಲ್ಲವೇ? ನಮ್ಮೂರಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಆಗ ಅವನಿಗೆ ಯಾವ ಭಾಷೆಯೂ ಕೇಳುವಂತಿರಲಿಲ್ಲ. ಅವಳ ಬಲಗೈಯನ್ನು ಎಳೆದು ಮೇಜಿನ ಮೇಲೆ ಅದುಮಿದ. ತುಕ್ಕು ಹಿಡಿದ ಮುಚ್ಚಳ ಬಿಚ್ಚಲೆಂದು ಅವಳೇ ಇಟ್ಟುಕೊಂಡ ಸುತ್ತಿಗೆ ಅಲ್ಲಿತ್ತು. ಎತ್ತಿ ಬಡಿದ.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಒಣ ಕಬ್ಬು ಮುರಿದ ಸದ್ದು. ಮತ್ತೆ ಎತ್ತಿ ಮತ್ತೆ ಬಡಿದ. ಅವಳು ಕೂಗುವುದನ್ನೂ ಬಿಟ್ಟಳು, ಬಾಯಿ ತೆರೆದುಕೊಂಡೇ ಇತ್ತು.

ನಾನು ಮೇಲೆ ಬಿದ್ದೆ. ಜೊತೆಗೆ ಬಂದವನೊಬ್ಬ ನನ್ನನ್ನು ನೂಕಿದ. ಜೋಳದ ಡಬ್ಬಿಗೆ ತಲೆ ಬಡಿದು ಕಣ್ಣು ಕತ್ತಲಾಯಿತು. ಕಣ್ಣು ಬಿಟ್ಟಾಗ ಎದುರಿಗೆ ಬ್ಲೋವರು ಮೇಜಿನಿಂದ ವೈರಿಗೆ ಜೋತುಬಿದ್ದು ಇನ್ನೂ ಭುಸುಗುಡುತ್ತಿತ್ತು. ಬೆಸುಗೆಯನ್ನು ನೀರು ಮಾಡುವ ಗಾಳಿ. ಅದರ ಹಿಡಿಕೆ ಹಿಡಿದು ಎದ್ದೆ, ಅದರ ಕಾಯ್ದ ಬಾಯಿಯನ್ನು ಕುಣಾಲನ ಕೆನ್ನೆಗೆ ಒತ್ತಿದೆ.

ಮೊದಲು ಗಡ್ಡದ ಕೂದಲು ಸುಟ್ಟ ವಾಸನೆ ಬಂತು, ಆಮೇಲೆ ಬೇರೆ ವಾಸನೆ. ಅವನು ಊರು ಹಾರಿಹೋಗುವಂತೆ ಕಿರುಚಿದ. ನಾನು ತೆಗೆಯಲಿಲ್ಲ. ಅವನು ಹೊರಳಿದ ಕಡೆ ಹೊರಳಿಸಿದೆ, ಕಿವಿಗೂ ಹತ್ತಿತು. ಇರುವೆಯನ್ನು ಕುಂಚದಿಂದ ಎತ್ತಿ ಬಿಡುವ ಕೈ ಇದು. ಅಂದು ಆ ಕೈಗೆ ದಯೆ ಎಂಬುದು ಎಳ್ಳಷ್ಟೂ ಇರಲಿಲ್ಲ, ಇತ್ತೆಂದು ಸುಳ್ಳು ಹೇಳಲಾರೆ. ಅವನು ಸುತ್ತಿಗೆ ಬಿಟ್ಟು ನೆಲಕ್ಕೆ ಕುಸಿದ. ಜೊತೆಗೆ ಬಂದ ಧೀರರಿಬ್ಬರೂ ಅಷ್ಟರಲ್ಲಿ ಅಂಗಳ ದಾಟಿದ್ದರು.

"ಲೇ ಭಾಡ್ಯಾ!" ಎಂದು ಚೀರಿದೆ. "ಆಕಿ ನಿಮ್ಮಪ್ಪನ್ನ ಎಂದರ ಹೆಸರ ಹಿಡದ ಕರದಾಳೇನೋ? ಈ ಮನೀ ಸೊಸಿ ಆಗಿ ಬಂದಾಗಿಂದ ಆಕಿ ಬಾಯಾಗ ಕಾಕಾ ಅನ್ನೂದ ಬಿಟ್ಟ ಮತ್ತೊಂದ ಕೇಳೀಯೇನ? ದಾದಾಸಾಹೇಬ ಅಂದ್ಳಂದ್ರ ಅದು ಪೆಟಿಗಿ! ನೋಡಲ್ಲೆ, ಕಣ್ಣ ತಗದ ನೋಡು!"

ಕೆನ್ನೆ ಹಿಡಿದುಕೊಂಡೇ ನೋಡಿದ. ಮೇಜಿನ ಕೆಳಗೆ ಮುಚ್ಚಳ ಬಿದ್ದಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ ಅವನ ತಂದೆಯ ಹೆಸರು. ಎದ್ದು ಭಿಂಗದೊಳಗೆ ಬಗ್ಗಿದ. ಕರಿಯ ಐಸಿ, ಮೂರು ಕಡೆ ಸಾಲಾಗಿ ಕಾಲು, ನಾಲ್ಕನೆಯ ಕಡೆ ಮುರಿದ ತುಣುಕುಗಳು. ಬೋರ್ಡಿನ ಮೇಲೆ ಅವನ ವೈನಿಯ ರಕ್ತ ಸಿಡಿದಿತ್ತು. ಹೆಂಗಸೊಬ್ಬಳು ಯಾರನ್ನು ಏನೆಂದು ಕರೆಯುತ್ತಾಳೆ ಎಂಬುದು ತೊಟ್ಟಿಲಿಂದಲೂ ಅವನಿಗೆ ಗೊತ್ತಿದ್ದ ಮಾತು. ನೆನಪಾಗಲಿಲ್ಲ, ಅಷ್ಟೇ.

ಆಗ ಪ್ರಾಜಕ್ತಾ ಎಡಗೈ ಚಾಚಿ ಬ್ಲೋವರಿನ ಸ್ವಿಚ್ಚು ಆರಿಸಿದಳು. "ಬೋರ್ಡ ಸುಟ್ಟೀತ ಅತ್ಯಾರ" ಎಂದಳು. ಹೇಳಿ ಮೂರ್ಛೆ ಹೋದಳು.

ಅವತ್ತು ಒಂದೇ ದವಾಖಾನೆಯಲ್ಲಿ ಮೂವರೂ ಇದ್ದರು. ದಾದಾಸಾಹೇಬ ಮೇಲಿನ ಮಹಡಿಯಲ್ಲಿ ಕಾಲು ತೂಗಿಹಾಕಿಕೊಂಡು, ಕುಣಾಲ ಕೆಳಗೆ ಕೆನ್ನೆಗೆ ಮುಲಾಮು ಹಚ್ಚಿಸಿಕೊಂಡು, ನನ್ನ ಸೊಸೆ ಬೆರಳೊಳಗೆ ತಂತಿ ಹಾಕಿಸಿಕೊಂಡು. ಸಂಜೆಗೆ ಭೀಮಸಿಯನ್ನು ಕಬ್ಬಿನೊಳಗಿಂದ ಪೊಲೀಸರು ಎಳೆದು ತಂದರು. ಅವನೇ ತಾನು ಬಡಿದೆನೆಂದು ಒಪ್ಪಿದ. ನಮ್ಮಲ್ಲಿ ಹಿರಿಯರು ಬಸದಿಯ ಅಂಗಳದಲ್ಲಿ ಕೂತು, "ಅವ ಕೈ ಮುರದ, ನೀ ಕೆನ್ನಿ ಸುಟ್ಟಿ, ಸಮಾಸಮಾ ಆತು. ಒಂದ ಮನೆತನದ ಭಾವುಬಂದರು, ಕೋರ್ಟು ಕಚೇರಿ ಬ್ಯಾಡ" ಎಂದರು. ನಾನು ಎದ್ದು ನಿಂತು ಅವರ ಮುಖಕ್ಕೇ ಕೇಳಿದೆ, ಕೆನ್ನೆಯಿಂದ ಯಾರಾದರೂ ಬೆಸುಗೆ ಹಾಕುತ್ತಾರೆಯೇ ಎಂದು. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು; ಮಾತು ಕೋರ್ಟಿಗೆ ಹೋಗದೆ ಅಲ್ಲಿಗೇ ನಿಂತಿತು. ಅಭಿನಂದನ ಕೊಡಲಿ ಹುಡುಕಿದ. ನಾನೇ ಅದನ್ನು ಬಾವಿಗೆ ಒಗೆದಿದ್ದೆ.

ತಂತಿ ತೆಗೆದ ಮೇಲೆ ನೋಡಿದರೆ ತೋರುಬೆರಳು ಮಡಿಚುತ್ತಿರಲಿಲ್ಲ, ಹೆಬ್ಬೆರಳು ನಿಲ್ಲದೆ ನಡುಗುತ್ತಿತ್ತು. ಮೊದಲ ದಿನ ಕಡ್ಡಿ ಹಿಡಿದಳು, ತುದಿ ಐಸಿಯ ಮೇಲೆಲ್ಲ ಕುಣಿಯಿತು. ಹಿಡಿದ ಕಡ್ಡಿಯನ್ನು ಗೋಡೆಗೆ ಬೀಸಿ ಒಗೆದಳು. ಮರುದಿನ ಆ ಕೈಯನ್ನೇ ಗೋಡೆಗೆ ಬಡಿದುಕೊಂಡಳು. ನಾನು ಅಪ್ಪಿ ಹಿಡಿದರೆ ನನ್ನ ಭುಜ ಕಚ್ಚಿದಳು, ರಕ್ತ ಬಂತು. "ಕಚ್ಚು ಮಗಳ, ಎಷ್ಟರ ಕಚ್ಚು" ಎಂದೆ. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಅತ್ತೆವು.

ಆಮೇಲೆ ಎಡಗೈಗೆ ಕಡ್ಡಿ ತೆಗೆದುಕೊಂಡಳು. ಹಳೆಯ ಸತ್ತ ಬೋರ್ಡುಗಳ ರಾಶಿಯನ್ನು ಮುಂದಿಟ್ಟುಕೊಂಡು ಹಾಕುವಳು, ಕೀಳುವಳು. ಕಾಲಿಗೆ ಕಾಲು ಅಂಟುತ್ತಿದ್ದವು, ಪಟ್ಟಿ ಇಟ್ಟು ಹೀರಿಸಿದರೆ ತಾಮ್ರವೇ ಎದ್ದು ಬರುತ್ತಿತ್ತು. ಬೈಗುಳ ಮರಾಠಿಯಲ್ಲಿ ಉದುರುತ್ತಿದ್ದವು, ನಾನು ಕೇಳದವಳಂತೆ ಜೋಳ ಹಸನು ಮಾಡುತ್ತಿದ್ದೆ. ಎಡಗೈಯ ತುಂಬ ಸುಟ್ಟ ಬೊಕ್ಕೆ. ಯಾವ ರೈತನ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ದಾದಾಸಾಹೇಬನ ಬೋರ್ಡು ಮಾತ್ರ, ರಕ್ತ ಒರೆಸಿ, ಭಿಂಗದ ಪಕ್ಕದಲ್ಲೇ ಇತ್ತು. "ಮೊದಲ ಇಂವ ಏಳಬೇಕ," ಎನ್ನುತ್ತಿದ್ದಳು. "ಇಂವ ಎದ್ದರ ನಾ ಎದ್ದಂಗ."

ಮಳೆಗಾಲ ಮುಗಿಯುವ ಹೊತ್ತಿಗೆ, ದಶಲಕ್ಷಣ ಪರ್ವದಲ್ಲಿ ನಾನು ಉಪವಾಸವಿದ್ದ ಒಂದು ದಿನ, ಬೀರದೇವನ ಐಸಿಯನ್ನು ಎಡಗೈಯಿಂದ ದಾದಾಸಾಹೇಬನ ಬೋರ್ಡಿಗೆ ಕೂರಿಸಿದಳು. ಮೂಲೆಯ ಕಾಲು, ಎದುರಿನ ಮೂಲೆಯ ಕಾಲು, ಆಮೇಲೆ ಸಾಲುಗಳು. ನಾನೂ ಉಸಿರು ಹಿಡಿದಿದ್ದೆ. ಕರೆಂಟು ಕೊಟ್ಟಳು. ಹಸಿರು ದೀಪ ಹತ್ತಿತು. ಫೋನು ಹಚ್ಚಿದಳು, ಪೆಟ್ಟಿಗೆಯೊಳಗೆ ಟಕ್ ಎಂದಿತು. ಇಬ್ಬರೂ ಹುಚ್ಚರಂತೆ ಕುಣಿದೆವು. ಆದರೆ ಗುಂಪಿಗೆ ಧ್ವನಿ ಹಾಕಲಿಲ್ಲ. "ಇರಲಿ," ಎಂದಳು, ಅಷ್ಟೇ.

ಪರ್ವ ಮುಗಿದ ಮೇಲೆ ಕ್ಷಮಾವಣಿ. ವರ್ಷದ ತಪ್ಪುಗಳಿಗೆಲ್ಲ ಮನೆಮನೆಗೆ ಹೋಗಿ ಕೈಮುಗಿದು "ಉತ್ತಮ ಕ್ಷಮಾ" ಎನ್ನುವ ದಿನ. ಕೇಳಿದವರಿಗೆ ಕೊಡಬೇಕು, ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಅವರು ಬಂದರು. ಕುಣಾಲ ತಂದೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಅವನ ಅರ್ಧ ಮುಖ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಚಪ್ಪಲಿ ಹೊರಗೇ ಬಿಟ್ಟಿದ್ದ. ಮೊದಲು ನನ್ನ ಕಾಲಿಗೆ ಬಿದ್ದು, "ದೊಡ್ಡವ್ವಾ, ಉತ್ತಮ ಕ್ಷಮಾ" ಎಂದ. ನಾನೂ ಅವನನ್ನು ಸುಟ್ಟವಳು, ಆ ದಿನದ ಮಾತು ಆಡಲೇಬೇಕು. ಬಾಯಿಂದ ಆಡಿದೆ. ಒಳಗಿನದನ್ನು ಮುಂದಿನ ವರ್ಷ ಕೇಳಲಿ.

ಆಮೇಲೆ ಪ್ರಾಜಕ್ತಾಳ ಮುಂದೆ ಕೈಮುಗಿದು ನಿಂತ. "ವೈನಿ, ಉತ್ತಮ ಕ್ಷಮಾ."

ಅವಳು ಅವನ ಮುಗಿದ ಕೈಗಳನ್ನೇ ನೋಡಿದಳು. "ಬಲಗೈ ಇಲ್ಲಿ ಇಡ್ರಿ ಭಾವುಜಿ," ಎಂದು ಮೇಜು ತೋರಿಸಿದಳು. ಎಡಗೈಯಲ್ಲಿ ಸುತ್ತಿಗೆ ತೆಗೆದುಕೊಂಡಳು. ಅದೇ ಸುತ್ತಿಗೆ.

ಅಭಿನಂದನ ಎದ್ದ. ಅವಳು ನೋಡಿದ ನೋಟಕ್ಕೆ ಮತ್ತೆ ಕೂತ. ದಾದಾಸಾಹೇಬ ಕುರ್ಚಿಯ ಹಿಡಿಕೆ ಹಿಡಿದು, "ಬ್ಯಾಡವಾ... ವೈನಿ, ಆಕೀಗ ಹೇಳ್ರಿ" ಎಂದು ನನ್ನ ಕಡೆ ನೋಡಿದ. ನಾನೇಕೆ ಹೇಳಲಿ? ಹೊಡಿ ಮಗಳ, ಹೊಡಿ ಎಂದೇ ಒಳಗೊಳಗೆ ಅನ್ನುತ್ತಿದ್ದೆ. ಕುಣಾಲ ಕೈ ಇಟ್ಟ. ಬೆರಳು ಬಿಡಿಸಿ, ಕಣ್ಣು ಮುಚ್ಚಿದ. ಅವನೂ ಅದಕ್ಕೇ ಬಂದಿದ್ದನೋ ಏನೋ.

ಅವಳು ಅವನ ಕೈಯ ಪಕ್ಕಕ್ಕೆ ಬೋರ್ಡನ್ನು ಇಟ್ಟು ಕರೆಂಟು ಕೊಟ್ಟಳು. ಹಸಿರು ದೀಪ ಹತ್ತಿತು. "ಕಾಕಾ, ನೋಡ್ರಿ. ನಿಮ್ಮ ಪೆಟಿಗಿ. ಎಡಗೈಲೆ ಮಾಡೇನಿ. ಒಂದ ಕಾಲೂ ತಪ್ಪಿಲ್ಲ." ದಾದಾಸಾಹೇಬ ಬಗ್ಗಿ ನೋಡಿದ. ಅವಳು ಸ್ವಿಚ್ಚು ಆರಿಸಿದಳು, ಸುತ್ತಿಗೆ ಎತ್ತಿದಳು, ಮೈಯ ಬಲವನ್ನೆಲ್ಲ ಹಾಕಿ ಹೊಡೆದಳು.

ಕುಣಾಲ ಚೀರಿದ. ಚೀರಿದ ಮೇಲೆ ಕಣ್ಣು ತೆರೆದು ತನ್ನ ಕೈ ನೋಡಿಕೊಂಡ. ಕೈ ಹಾಗೇ ಇತ್ತು. ಪಕ್ಕದಲ್ಲಿ ಬೋರ್ಡು ಎರಡು ಹೋಳಾಗಿತ್ತು. ಅವಳು ಮತ್ತೆ ಹೊಡೆದಳು, ಮತ್ತೆ, ಐಸಿ ಪುಡಿಯಾಗಿ ಅದರ ಕಾಲುಗಳು ನೆಲದ ಮೇಲೆಲ್ಲ ಸಿಡಿಯುವವರೆಗೆ. ಪ್ರತಿ ಪೆಟ್ಟಿಗೂ ದಾದಾಸಾಹೇಬ ಕುರ್ಚಿಯಲ್ಲಿ ತನ್ನ ಮೊಣಕಾಲು ಹಿಡಿದುಕೊಳ್ಳುತ್ತಿದ್ದ. ತಿಂಗಳುಗಟ್ಟಲೆ ಮೈ ಸುಟ್ಟುಕೊಂಡು ಬದುಕಿಸಿದ್ದನ್ನು ಅವಳೇ ಕೊಂದಳು.

ಸುತ್ತಿಗೆ ಕೆಳಗಿಟ್ಟು ಫೋನು ತೆಗೆದುಕೊಂಡಳು. ಆ ದಿನದಿಂದ ಮೂಕವಾಗಿದ್ದ ಗುಂಪಿಗೆ ಧ್ವನಿ ಹಾಕಿದಳು. "ನಮಸ್ಕಾರ ರೀ ಎಲ್ಲಾರಿಗೂ. ದಾದಾಸಾಹೇಬ ಸತ್ತಾನ. ನಾಳಿಂದ ಉಳದ ಪೆಟಿಗಿ ತರ್ರಿ, ಮಾಡಿ ಕೊಡ್ತೇನಿ."

ಆಮೇಲೆ ನಡುಗುವ ಬಲಗೈಯನ್ನೂ ಬೊಕ್ಕೆಯೆದ್ದ ಎಡಗೈಯನ್ನೂ ಜೋಡಿಸಿದಳು. "ಉತ್ತಮ ಕ್ಷಮಾ, ಭಾವುಜಿ. ಉತ್ತಮ ಕ್ಷಮಾ, ಕಾಕಾ." ನನ್ನ ಕಡೆ ತಿರುಗಿದಳು. "ಅತ್ಯಾರ, ಕಾಕಾಗ ಚಾ ಇಡ್ರಿ."

ಒಳಗೆ ಹೋಗಿ ಚಹಾ ಇಟ್ಟೆ. ಸಕ್ಕರೆ ಹಾಕಲಿಲ್ಲ. ಕಬ್ಬಿನ ಧಣಿಗಳಿಬ್ಬರೂ ತುಟಿ ಪಿಟಕ್ಕೆನ್ನದೆ ಕುಡಿದು ಬಟ್ಟಲು ಕೆಳಗಿಟ್ಟರು.